ಕಡಲನ್ನು ಕೋಣೆಯೊಳಗೆ ತರುವುದು ಹೇಗೆ? ಪುಟ್ಟ ಮಕ್ಕಳಿಗೆ ಹೊಯಿಗೆ, ಚಿಪ್ಪು, ಉಪ್ಪುನೀರಿನ ಆಟಗಳು

ಅಂಗನವಾಡಿಯ ಗೋಡೆಯಲ್ಲಿ ಆಕ್ಟೋಪಸ್, ಡಾಲ್ಫಿನ್, ತಿಮಿಂಗಿಲದ ಚಾರ್ಟು. ಅದರ ಕೆಳಗೆ ಕೂತ ಮಗುವಿಗೆ ಗೊತ್ತಿರುವುದು ಬಂಗುಡೆ, ಬೂತಾಯಿ ಮೀನು, ಎರಡು ಹೋಳಿನ ಚಿಪ್ಪಿನೊಳಗಿರುವ ಮರ್ವಾಯಿ. ಮೀನು ತಿನ್ನದ ಮನೆಯ ಮಗುವಾದರೂ ಮೀನಿನ ಲಾರಿಯಿಂದ ಸೋರುವ ನೀರಿನ ವಾಸನೆ, ಮಳೆಗಾಲದ ರಾತ್ರಿ ಕಡಲು ಮೊರೆಯುವ ಸದ್ದು, ಚಪ್ಪಲಿಯೊಳಗೆ ಸೇರಿ ಕಿರಿಕಿರಿ ಮಾಡುವ ಹೊಯಿಗೆ (ಮರಳು) ಇವನ್ನೆಲ್ಲ ಬಲ್ಲದು. ಮಂಗಳೂರು, ಉಡುಪಿ ಕಡೆಯಲ್ಲಿ ‘ಸಮುದ್ರ’ ಎಂಬ ಪಾಠ ಶುರುವಾಗಬೇಕಾದದ್ದು ಇಲ್ಲಿಂದ. ನೀಲಿ ಕಾಗದ ಕತ್ತರಿಸಿ ಎಂಟು ಕಾಲು ಅಂಟಿಸುವ ಕೆಲಸ ಚಂದವೇ, ಆದರೆ ಅದರಲ್ಲಿ ಮುಕ್ಕಾಲು ಪಾಲು ಟೀಚರ್ ಮಾಡುತ್ತಾರೆ, ಮಗು ಗೋಂದು ಹಚ್ಚುತ್ತದೆ ಅಷ್ಟೇ.

ಕೆಳಗಿನ ಆಟಗಳು 3ರಿಂದ 6 ವರ್ಷದವರಿಗೆ. ಇನ್ನೂ ಚಿಕ್ಕವರಿಗೆ ಏನು ಬದಲಿಸಬೇಕು ಎಂಬುದನ್ನು ಅಲ್ಲಲ್ಲೇ ಹೇಳಿದೆ. ಎಲ್ಲದಕ್ಕೂ ಒಂದೇ ಅಳತೆಗೋಲು ಇಟ್ಟುಕೊಳ್ಳಿ: ಸುಮಾರು 3 ಸೆಂ.ಮೀ. ಅಗಲದ ಕೊಳವೆಯೊಳಗೆ ತೂರುವ ಯಾವ ವಸ್ತುವೂ 3 ವರ್ಷದೊಳಗಿನ ಮಗುವಿನ ಕೈಗೆ ಹೋಗಬಾರದು. ಅದು ಗಂಟಲಿಗೂ ತೂರುತ್ತದೆ.

ಮೊದಲು ಕ್ಯಾಲೆಂಡರ್ ನೋಡಿ

ನಮ್ಮಲ್ಲಿ ಶಾಲೆ ತೆರೆಯುವ ಹೊತ್ತಿಗೇ ಕಡಲು ಮುಚ್ಚುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೀಚುಗಳಲ್ಲಿ ಕೆಂಪು ಬಾವುಟ, ಹಗ್ಗದ ಬೇಲಿ. ಸೆಪ್ಟೆಂಬರ್ ಅರ್ಧ ಕಳೆಯುವವರೆಗೆ ಮಕ್ಕಳನ್ನು ನೀರಿನ ಬಳಿ ಒಯ್ಯುವ ಮಾತೇ ಇಲ್ಲ. ಹಾಗಾಗಿ ಈ ಪಾಠಕ್ಕೆ ಎರಡು ಭಾಗ: ಮಳೆಗಾಲದಲ್ಲಿ ಒಳಗಿನ ಆಟ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹೊರಗಿನದು.

ಇಲ್ಲಿ ಹೆಚ್ಚಿನವರು ಎಡವುವುದು ಸಾಮಾನು ಹೊಂದಿಸುವ ವಿಷಯದಲ್ಲಿ. ಜೂನ್‌ನಲ್ಲಿ ಹೊಯಿಗೆ ತೊಳೆದರೆ ಒಣಗುವುದಿಲ್ಲ, ಚಿಪ್ಪು ತೊಳೆದರೆ ವಾಸನೆ ಹೋಗುವುದಿಲ್ಲ. ಎರಡನ್ನೂ ಏಪ್ರಿಲ್-ಮೇ ಬಿಸಿಲಿನಲ್ಲಿ ಮುಗಿಸಿ ಮುಚ್ಚಳದ ಡಬ್ಬಕ್ಕೆ ಹಾಕಿಡಿ, ಹಪ್ಪಳ-ಸಂಡಿಗೆಯ ಜತೆಗೇ.

ಹೊಯಿಗೆಯ ಟಬ್

ಬೇಕಾದದ್ದು ಗಾರೆ ಕಲಸಲು ಬಳಸುವಂಥ ಒಂದು ಅಗಲವಾದ ಪ್ಲಾಸ್ಟಿಕ್ ಟಬ್. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಇದ್ದರೆ ಇಬ್ಬರು ಮಕ್ಕಳಿಗೆ ಸರಿ. ಅದರಲ್ಲಿ 5 ಸೆಂ.ಮೀ. ಎತ್ತರಕ್ಕೆ ತುಂಬಲು 12 ಲೀಟರ್ ಹೊಯಿಗೆ ಬೇಕು. ಒಣಗಿದ್ದರೆ ಅದರ ತೂಕ ಸುಮಾರು 20 ಕಿಲೋ. ಇದಕ್ಕಿಂತ ಹೆಚ್ಚು ತುಂಬಿದರೆ ಟಬ್ ಎತ್ತಲು ಆಗದೆ ಅದು ಇದ್ದಲ್ಲೇ ಉಳಿಯುತ್ತದೆ, ಕ್ರಮೇಣ ಬೆಕ್ಕಿನ ಪಾಲಾಗುತ್ತದೆ.

ಯಾವ ಹೊಯಿಗೆ ಎಂಬುದು ಮುಖ್ಯ. ಎಂ-ಸ್ಯಾಂಡ್ ಖಂಡಿತ ಬೇಡ. ಕಲ್ಲನ್ನು ಪುಡಿಮಾಡಿ ತೆಗೆದ ಅದರ ಕಣಗಳು ಚೂಪಾಗಿರುತ್ತವೆ, ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಡಲ ದಂಡೆಯಿಂದ ಚೀಲ ತುಂಬಿ ತರುವುದೂ ಬೇಡ. ಕರಾವಳಿ ವಲಯದಿಂದ ಮರಳು ತೆಗೆಯುವುದಕ್ಕೆ ಕಾನೂನಿನ ಅಡ್ಡಿ ಇದೆ. ಅದಿರಲಿ, ಅದರಲ್ಲಿರುವ ಉಪ್ಪು ಗಾಳಿಯ ಪಸೆ ಎಳೆದುಕೊಂಡು ಮಳೆಗಾಲವಿಡೀ ಜಿಗುಟಾಗಿಯೇ ಇರುತ್ತದೆ, ಮಕ್ಕಳ ಬೆರಳ ಸಂದಿಯಲ್ಲಿ ತುರಿಕೆ ಬೇರೆ. ಮನೆ ಕಟ್ಟುವವರಿಂದ ಹೊಳೆಯ ಹೊಯಿಗೆ ಒಂದು ಅರ್ಧ ಚೀಲ ಕೇಳಿ ಪಡೆಯುವುದು ಒಳ್ಳೆಯದು.

1. ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ ಕಲ್ಲು, ಚೂಪು ಚಿಪ್ಪು, ಮೊಳೆ ತೆಗೆಯಿರಿ. ಮೊಳೆ ಇದ್ದೇ ಇರುತ್ತದೆ, ಮನೆ ಕಟ್ಟುವ ಜಾಗದ್ದಲ್ಲವೇ.
2. ಬಕೆಟ್‌ನಲ್ಲಿ ಅರ್ಧ ಹೊಯಿಗೆ, ಉಳಿದರ್ಧ ನೀರು. ಕೈಯಾಡಿಸಿ, ಹತ್ತು ಸೆಕೆಂಡ್ ಬಿಟ್ಟು ಕೆಂಪು ನೀರು ಬಗ್ಗಿಸಿ. ನೀರು ತಿಳಿಯಾಗುವವರೆಗೆ ಮೂರು-ನಾಲ್ಕು ಸಲ.
3. ಹಳೆಯ ಸೀರೆಯ ಮೇಲೆ ತೆಳ್ಳಗೆ ಹರಡಿ ಎರಡು ದಿನ ಬಿಸಿಲಿಗೆ ಹಾಕಿ.

ಆಟದ ದಿನ ಎಂಟು ಲೋಟ ಹೊಯಿಗೆಗೆ ಒಂದು ಲೋಟ ನೀರು. ಇಡೀ ಟಬ್‌ಗೆ ಒಂದೂವರೆ ಲೀಟರ್. ಒಮ್ಮೆಗೇ ಸುರಿಯದೆ ಚಿಮುಕಿಸುತ್ತ ಕಲಸಿ, ಐದು ನಿಮಿಷ ಬಿಡಿ. ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ: ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಕಣ-ಕಣಗಳ ನಡುವೆ ತೆಳುವಾದ ನೀರಿನ ಪೊರೆ ಇದ್ದಾಗ ಅದು ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ನೀರು ಹೆಚ್ಚಾಗಿ ಸಂದಿಯೆಲ್ಲ ತುಂಬಿದರೆ ಆ ಎಳೆತ ಹೋಗಿ ಗೋಪುರ ಕುಸಿಯುತ್ತದೆ. 5 ವರ್ಷದ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳುವ ಅಗತ್ಯವಿಲ್ಲ. ಒಣ, ಹದ, ಕೆಸರು ಎಂದು ಮೂರು ಬಟ್ಟಲು ಇಡಿ, ಮೂರರಿಂದಲೂ ಇಡ್ಲಿ ಹೊಯ್ಯಲು ಹೇಳಿ. ಯಾವುದು ಎದ್ದು ನಿಲ್ಲುತ್ತದೆ ಎಂದು ಅವರೇ ಕೂಗುತ್ತಾರೆ.

ಸಾಮಾನು ಕಡಿಮೆ ಇರಲಿ. ಎರಡು ಗೆರಟೆ (ತೆಂಗಿನ ಚಿಪ್ಪು), ಒಂದು ಸ್ಟೀಲ್ ಲೋಟ, ಒಂದು ಮರದ ಸೌಟು ಸಾಕು. ಬಣ್ಣ ಬಣ್ಣದ ಇಪ್ಪತ್ತು ಆಟಿಕೆ ಸುರಿದರೆ ಮಗು ಹೊಯಿಗೆ ಮುಟ್ಟುವುದಿಲ್ಲ, ಆಟಿಕೆಗೆ ಜಗಳವಾಡುತ್ತದೆ. ಗೆರಟೆಯಿಂದ ಅಚ್ಚು ಬಿಡದಿದ್ದರೆ ಒಳಗೆ ನಾರು ಉಳಿದಿದೆ ಎಂದರ್ಥ. ಚೂರು ಗಾಜಿನಿಂದ ಕೆರೆದು ನಯ ಮಾಡುವ ಕೆಲಸ ದೊಡ್ಡವರು ಮೊದಲೇ ಮಾಡಿಡಿ, ಆಡುವಾಗ ಪ್ರತಿ ಸಲ ನೀರಿಗೆ ಅದ್ದಿ ತೆಗೆಯಲು ಮಗುವಿಗೆ ಹೇಳಿಕೊಡಿ.

ಒಂದು ಟಬ್‌ಗೆ ಇಬ್ಬರು. ಮೂರನೆಯವನು ಬಂದ ಕೂಡಲೇ ಹೊಯಿಗೆ ಗಾಳಿಗೆ ಹಾರುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜಲು ಬಿಡಬೇಡಿ; ತಲೆ ಪಕ್ಕಕ್ಕೆ ವಾಲಿಸಿ ಕುಡಿಯುವ ನೀರನ್ನು ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ಹೊಯ್ಯಿರಿ. ಆಟ ಮುಗಿದ ಮೇಲೆ ಟಾರ್ಪಾಲು ಮುಚ್ಚಬೇಡಿ, ಒಳಗೆ ಬೂಸ್ಟು ಬರುತ್ತದೆ. ಮರದ ಚೌಕಟ್ಟಿಗೆ ಹಳೆಯ ಸೊಳ್ಳೆಪರದೆ ಬಿಗಿದು ಮುಚ್ಚಿದರೆ ಗಾಳಿಯೂ ಆಡುತ್ತದೆ, ಬೆಕ್ಕೂ ಇಳಿಯುವುದಿಲ್ಲ.

ಎಲ್ಲವನ್ನೂ ಬಾಯಿಗಿಡುವ ವಯಸ್ಸಿನವರಿಗೆ ಹೊಯಿಗೆಯ ಬದಲು ಹುರಿದ ರವೆ. ಒಂದು ಕಿಲೋ ರವೆಯನ್ನು ಎಣ್ಣೆ ಹಾಕದೆ ಹತ್ತು ನಿಮಿಷ ಹುರಿದು ಆರಿಸಿ ದೊಡ್ಡ ಪರಾತಕ್ಕೆ ಹಾಕಿ. ಮಳೆಗಾಲದಲ್ಲಿ ವಾರಕ್ಕಿಂತ ಹೆಚ್ಚು ಇಡಬೇಡಿ, ಹುಳ ಬೀಳುತ್ತದೆ. ‘ತಿನ್ನುವ ಪದಾರ್ಥದಲ್ಲಿ ಆಟವೇ?’ ಎಂದು ಅಜ್ಜಿಯರು ಕೇಳುವುದು ನ್ಯಾಯವೇ. ಅಂಗಡಿಯಲ್ಲಿ ಅವಧಿ ಮೀರುತ್ತ ಬಂದ ರವೆ ತನ್ನಿ, ಆಟ ಮುಗಿದ ಮೇಲೆ ಕೋಳಿಗೆ ಹಾಕಿ.

ಕಡಲ್ಕೊರೆತ

ಉಳ್ಳಾಲದ ಕಡೆಯ ಮಕ್ಕಳಿಗೆ ಈ ಶಬ್ದ ಅಕ್ಷರ ಕಲಿಯುವ ಮೊದಲೇ ಗೊತ್ತು. ಅದೇ ಟಬ್‌ನಲ್ಲಿ 5-6 ವರ್ಷದವರೊಂದಿಗೆ ಇದನ್ನು ಮಾಡಿ ತೋರಿಸಬಹುದು. ಟಬ್‌ನ ಒಂದು ತುದಿಗೆ ಹೊಯಿಗೆಯನ್ನು ಇಳಿಜಾರಾಗಿ ಒತ್ತಿ ದಂಡೆ ಮಾಡಿ. ಇನ್ನೊಂದು ತುದಿಗೆ ಎರಡು ಲೀಟರ್ ನೀರು. ದಂಡೆಯ ಮೇಲೆ ಬೆಂಕಿಪೆಟ್ಟಿಗೆಯ ಮನೆ ಇಡಿ. ನೋಟ್‌ಬುಕ್ ಗಾತ್ರದ ರಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನೀರಿನಲ್ಲಿ ನಿಲ್ಲಿಸಿ, ಮೆಲ್ಲಗೆ ಹಿಂದೆ-ಮುಂದೆ ತಳ್ಳಲು ಮಗುವಿಗೆ ಕೊಡಿ. ಇಪ್ಪತ್ತು ಅಲೆ ಎಣಿಸಲಿ. ದಂಡೆ ಮೆಟ್ಟಿಲಿನ ಹಾಗೆ ಕಡಿಯುತ್ತ ಬರುತ್ತದೆ, ಮನೆ ವಾಲುತ್ತದೆ.

ಎರಡನೆಯ ಸಲ ಮನೆಯ ಮುಂದೆ ಸಾಲಾಗಿ ಕಲ್ಲು ಜೋಡಿಸಿ. ಮನೆ ಉಳಿಯುತ್ತದೆ. ಆದರೆ ಕಲ್ಲಿನ ಸಾಲು ಮುಗಿಯುವ ಎರಡೂ ತುದಿಗಳಲ್ಲಿ ಹೊಯಿಗೆ ಮೊದಲಿಗಿಂತ ಹೆಚ್ಚು ಕೊರೆದು ಹೋಗಿರುತ್ತದೆ. ‘ಪಕ್ಕದ ಮನೆಯವರಿಗೆ ಏನಾಯ್ತು?’ ಎಂದು ಕೇಳಿ ಸುಮ್ಮನಿರಿ. ಜೋರಾಗಿ ತಳ್ಳಿದರೆ ಎಲ್ಲವೂ ಒಂದೇ ಏಟಿಗೆ ಕುಸಿದು ಏನೂ ಕಾಣುವುದಿಲ್ಲ. ಹುಡುಗರ ಕೈಗೆ ರಟ್ಟು ಕೊಡುವ ಮೊದಲು ‘ನಿದ್ದೆ ಮಾಡುವ ಕಡಲು’ ಎಂದು ಹೇಳಿಕೊಟ್ಟರೆ ಕೈ ಸ್ವಲ್ಪ ಮೆತ್ತಗಾಗುತ್ತದೆ.

ಮರ್ವಾಯಿಯ ಜೋಡಿ

ಇಡೀ ಪಟ್ಟಿಯಲ್ಲಿ ಒಂದೇ ಒಂದು ಆಟ ಮಾಡಲು ಬಿಡುವಿದ್ದರೆ ಇದನ್ನು ಮಾಡಿ. ಖರ್ಚಿಲ್ಲ, ಅಡುಗೆಮನೆಯಿಂದ ಎಸೆಯುವ ವಸ್ತು.

ಸುಕ್ಕ ಮಾಡಿ ಉಂಡ ಮೇಲೆ ಉಳಿಯುವ ಮರ್ವಾಯಿ ಚಿಪ್ಪುಗಳಲ್ಲಿ ಎರಡೂ ಹೋಳು ಇನ್ನೂ ಅಂಟಿಕೊಂಡಿರುವವನ್ನು ಆರಿಸಿ. ಬೇರೆಯಾಗಿ ಬಿದ್ದವು ಬೇಡ, ಅವುಗಳ ಜೋಡಿ ಸಿಗುವುದಿಲ್ಲ. ಹತ್ತು ನಿಮಿಷ ಕುದಿಸಿ, ಹಳೆಯ ಟೂತ್‌ಬ್ರಷ್‌ನಿಂದ ಕೀಲಿನ ಭಾಗ ಉಜ್ಜಿ. ವಾಸನೆ ಉಳಿಯುವುದು ಅಲ್ಲೇ, ಕೀಲಿಗೆ ಅಂಟಿದ ಕಂದು ನಾರಿನಲ್ಲಿ. ಆಮೇಲೆ ಎರಡು ದಿನ ಬಿಸಿಲು. ಒಂದೊಂದೇ ಜೋಡಿಯನ್ನು ಬಿಡಿಸುತ್ತ ಎರಡೂ ಹೋಳಿನ ಒಳಗೆ ಪೆನ್ಸಿಲಿನಿಂದ ಒಂದೇ ಸಂಖ್ಯೆ ಬರೆಯಿರಿ. ಈ ಸಂಖ್ಯೆ ನಿಮಗಾಗಿ, ಮಕ್ಕಳಿಗಲ್ಲ.

ಈಗ ಹೋಳುಗಳನ್ನೆಲ್ಲ ಬೆರೆಸಿ ಹರಡಿ. 3-4 ವರ್ಷದವರಿಗೆ ನಾಲ್ಕು ಜೋಡಿ, 5 ದಾಟಿದವರಿಗೆ ಹತ್ತು. ‘ಇದರ ಜೋಡಿ ಎಲ್ಲಿದೆ?’ ಎಂಬುದೊಂದೇ ಪ್ರಶ್ನೆ.

ಮಗು ಮೊದಲು ಬಣ್ಣ ನೋಡುತ್ತದೆ, ಆಮೇಲೆ ಗಾತ್ರ. ಒಂದೇ ಗಾತ್ರದ ಎರಡು ಸಿಕ್ಕಿದಾಗ ಸೇರಿಸಿ ಮುಚ್ಚಿ ನೋಡುತ್ತದೆ. ಅಂಚಿನಲ್ಲಿ ಕೂದಲಿನಷ್ಟು ಸಂದಿ ಉಳಿಯುತ್ತದೆ. ತಿರುಗಿಸಿ ಇನ್ನೊಂದು ಹುಡುಕುತ್ತದೆ. ಕೀಲಿನ ಬಳಿ ಪುಟ್ಟ ಹಲ್ಲುಗಳಿವೆ, ಒಂದರ ಹಲ್ಲು ಇನ್ನೊಂದರ ಗುಳಿಯಲ್ಲಿ ಕೂರಬೇಕು. ತನ್ನದೇ ಜೋಡಿ ಸಿಕ್ಕಿದಾಗ ‘ಟಿಕ್’ ಎಂದು ಕೂತುಬಿಡುತ್ತದೆ, ಬೆರಳಿಂದ ಅಲುಗಿಸಿದರೂ ಜಾರುವುದಿಲ್ಲ. ಆ ಕೂರುವಿಕೆ ಬೆರಳಿಗೇ ಗೊತ್ತಾಗುತ್ತದೆ. ಕೆಲವು ಮಕ್ಕಳು ಕಣ್ಣು ಮುಚ್ಚಿಕೊಂಡು ಹುಡುಕಲು ಶುರುಮಾಡುತ್ತಾರೆ, ತಡೆಯಬೇಡಿ.

ಒಂದು ತೊಡಕು ಪದೇ ಪದೇ ಬರುತ್ತದೆ: ಗಾತ್ರ, ಗೆರೆ, ಬಣ್ಣ ಎಲ್ಲ ಸರಿ, ಆದರೂ ಮುಚ್ಚುವುದಿಲ್ಲ. ಎರಡೂ ಬಲಗಡೆಯ ಹೋಳುಗಳಾಗಿರುತ್ತವೆ. ಎರಡು ಬಲಗಾಲಿನ ಚಪ್ಪಲಿ ಹಾಕಿಕೊಂಡು ತೋರಿಸಿದರೆ ಮಗುವಿಗೆ ತಟ್ಟನೆ ಹೊಳೆಯುತ್ತದೆ.

ಮರ್ವಾಯಿ ಸಾಕಷ್ಟು ಇದ್ದರೆ ಇನ್ನೂ ಮೂರು ಉಪಯೋಗ. ಮೊಟ್ಟೆಯ ಟ್ರೇಯಲ್ಲಿ 30 ಗುಳಿ ಇರುತ್ತವೆ, ಸಾಲಿಗೆ ಐದರಂತೆ ಆರು ಸಾಲು. ಸಾಲು ತುಂಬಿಸುತ್ತ ಎಣಿಸಿದರೆ ಐದರ ಮಗ್ಗಿ ಕಣ್ಣಿಗೇ ಕಾಣುತ್ತದೆ. ಚೆನ್ನೆಮಣೆಗೆ (ಅಳಗುಳಿಮಣೆ) ಕಾಯಿಯಾಗಿಯೂ ಸಣ್ಣ ಚಿಪ್ಪು ಆಗುತ್ತದೆ: 14 ಗುಳಿ, ಗುಳಿಗೆ 4ರಂತೆ 56. ಮನೆಯಲ್ಲಿ ಚೆನ್ನೆಗೆ ಮಂಜೊಟ್ಟಿ ಕಾಯಿ ಬಳಸುವವರು ಒಂದು ವಿಷಯ ಗಮನಿಸಿ. ಮಂಜೊಟ್ಟಿ ಪೂರ್ತಿ ಕೆಂಪು. ಕೆಂಪಿನ ಜತೆ ಕಪ್ಪು ಚುಕ್ಕಿ ಇದ್ದರೆ ಅದು ಗುಲಗಂಜಿ, ಒಡೆದು ಅಗಿದರೆ ಪ್ರಾಣಕ್ಕೇ ಅಪಾಯ. ಮಕ್ಕಳ ಡಬ್ಬದಲ್ಲಿ ಅದು ಇರಲೇಬಾರದು.

ಮೂರನೆಯದು ದಂಡೆಯಲ್ಲಿ ಸಿಗುವ ಚಿಪ್ಪುಗಳಿಗೆ. ಕೆಲವದರಲ್ಲಿ ಬೈರಿಗೆಯಿಂದ ಕೊರೆದಂತೆ ಒಂದು ದುಂಡನೆಯ ತೂತು ಇರುತ್ತದೆ. ಬೇಟೆಯಾಡುವ ಒಂದು ಜಾತಿಯ ಕಡಲ ಬಸವನಹುಳು ಕೊರೆದು ಒಳಗಿನ ಮಾಂಸ ತಿಂದ ಗುರುತು ಅದು. ಸೂಜಿ-ದಾರವೇ ಬೇಡ, ಷೂ ಲೇಸಿಗೆ ಪೋಣಿಸಬಹುದಾದ ಸಿದ್ಧ ಮಣಿ. ಸರ ಮಾಡುವಾಗ ಕತೆಯೂ ಸಿಕ್ಕಿತು.

ಪಚ್ಚಿಲೆ ಚಿಪ್ಪು ಹಸಿರು ಅಂಚಿನಿಂದ ಬಹಳ ಚಂದ, ಆದರೆ ಬ್ಲೇಡಿನಂತೆ ಕೊಯ್ಯುತ್ತದೆ. ಬಟ್ಟೆ ಒಗೆಯುವ ಕಲ್ಲಿಗೆ ಅಂಚನ್ನು ತೇಯ್ದ ಮೇಲೆಯೇ ಕೊಡಿ. ಮೀನು-ಮರ್ವಾಯಿ ಒಳಗೆ ಬಾರದ ಮನೆಗಳಲ್ಲಿ ದಂಡೆಯ ಒಣ ಚಿಪ್ಪಿನಿಂದ ಎಣಿಕೆಯ ಆಟವೆಲ್ಲ ನಡೆಯುತ್ತದೆ, ಜೋಡಿ ಆಟ ಮಾತ್ರ ಕಷ್ಟ.

ಶಂಖ ಕಿವಿಗಿಟ್ಟರೆ ಕಡಲು ಕೇಳುತ್ತದೆ ಎನ್ನುತ್ತಾರಲ್ಲ, ಪಕ್ಕದಲ್ಲಿ ಒಂದು ಸ್ಟೀಲ್ ಲೋಟವನ್ನೂ ಕಿವಿಗಿಡಲು ಕೊಡಿ. ಅದರಲ್ಲೂ ಕೇಳುತ್ತದೆ. ಸುತ್ತಲಿನ ಸದ್ದೇ ಒಳಗೆ ಮೊಳಗುವುದು. ಫ್ಯಾನ್ ಆರಿಸಿ ಮತ್ತೆ ಕೇಳಿಸಿ.

ಕೈರಂಪಣಿ ಎಳೆಯೋಣ

ಓಡಾಡಲು ಜಾಗವಿಲ್ಲದ ಮಳೆಗಾಲದಲ್ಲಿ ಮೈಯೆಲ್ಲ ದಣಿಯುವ ಆಟ ಇದು. ನಿಜವಾದ ಕೈರಂಪಣಿಯಲ್ಲಿ ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಡುತ್ತ ಹೋಗುತ್ತದೆ, ದಂಡೆಯಲ್ಲಿ ನಿಂತವರು ಎರಡೂ ತುದಿಯ ಹಗ್ಗ ಎಳೆಯುತ್ತಾರೆ.

ಬಲೆಗೆ ಹಳೆಯ ಸೊಳ್ಳೆಪರದೆಯ 3 ಮೀಟರ್ ಉದ್ದ, 1 ಮೀಟರ್ ಅಗಲದ ತುಂಡು. ಎರಡು ತುದಿಗೂ ಬೆರಳು ದಪ್ಪದ ಹತ್ತಿಯ ಹಗ್ಗ. ನೈಲಾನ್ ಕೈ ಸುಡುತ್ತದೆ. ಮೀನಿಗೆ ಹಳೆಯ ಮದುವೆ ಕಾಗದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ದಪ್ಪ ಇದೆ, ಕೆಲವದರಲ್ಲಿ ಬೆಳ್ಳಿಯ ಹೊಳಪೂ ಇದೆ. ನಲವತ್ತು ಕತ್ತರಿಸಿ: ಬೂತಾಯಿ 20, ಬಂಗುಡೆ 12, ನಂಗ್ 5, ಮಾಂಜಿ 2, ತೊರಕೆ 1. ಬೂತಾಯಿ ಸಣ್ಣದು, ಸಪೂರ. ಬಂಗುಡೆಯ ಬೆನ್ನಿಗೆ ತಲೆಯಿಂದ ಬಾಲದ ಕಡೆಗೆ ಉದ್ದುದ್ದ ಕಪ್ಪು ಗೆರೆ ಎಳೆಯಿರಿ, ಬಾಲದ ಹತ್ತಿರ ಚುಕ್ಕಿಯಂಥ ಪುಟ್ಟ ರೆಕ್ಕೆಗಳು. ಮಾಂಜಿ ಅಗಲ, ಹೆಚ್ಚುಕಡಿಮೆ ಗಾಳಿಪಟ. ನಂಗ್‌ಗೆ ಎರಡೂ ಕಣ್ಣು ಒಂದೇ ಬದಿಗೆ. ಇದನ್ನು ತಪ್ಪಾಗಿ ಬರೆದರೆ ಮೀನುಗಾರರ ಮನೆಯ ಮಗು ನಿಮ್ಮನ್ನು ಬಿಡುವುದಿಲ್ಲ. ತೊರಕೆಗೆ ಉದ್ದ ಬಾಲ.

ಮೀನನ್ನೆಲ್ಲ ನೆಲದಲ್ಲಿ ಹರಡಿ, ಬಲೆಯನ್ನು ಅದರಾಚೆ ಅರ್ಧಚಂದ್ರದಂತೆ ಇಟ್ಟು, ಹಗ್ಗಕ್ಕೆ ನಾಲ್ವರಂತೆ ಎರಡು ಗುಂಪು. ‘ಐಸಾ’ ಎಂದಾಗ ಒಂದು ಹೆಜ್ಜೆ ಹಿಂದಕ್ಕೆ. ಒಂದು ಬದಿ ಬೇಗ ಎಳೆದರೆ ಇನ್ನೊಂದು ಬದಿಯಲ್ಲಿ ಬಲೆ ಮಡಚಿಕೊಂಡು ಮೀನು ಹೊರಗುಳಿಯುತ್ತದೆ. ಎರಡನೆಯ ಸಲಕ್ಕೆ ಅವರೇ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ಬಲೆಯ ಕೆಳ ಅಂಚು ಏಳುತ್ತಿದ್ದರೆ ಅಲ್ಲಿಗೆ ಬಟ್ಟೆಯ ಕ್ಲಿಪ್‌ಗಳನ್ನು ಸಾಲಾಗಿ ಸಿಕ್ಕಿಸಿ, ಭಾರಕ್ಕೆ ಕೂರುತ್ತದೆ. ಹಗ್ಗವನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಲು ಬಿಡಬೇಡಿ, ಕುತ್ತಿಗೆಯ ಬಳಿಯಂತೂ ಸುಳಿಯಲೂ ಬಾರದು.

ಎಳೆದದ್ದು ಅರ್ಧ ಪಾಠ, ವಿಂಗಡಿಸುವುದು ಉಳಿದರ್ಧ. ಐದು ಬುಟ್ಟಿಗೆ ಹಾಕಿ, ಆಮೇಲೆ ನೆಲದ ಮೇಲೆ ಒಂದೊಂದು ಜಾತಿಗೆ ಒಂದೊಂದು ಸಾಲು ಜೋಡಿಸಿ. ಎಲ್ಲ ಸಾಲಿನ ಬಾಲ ಒಂದೇ ಗೆರೆಗೆ ಇರಲಿ, ಮೀನುಗಳನ್ನು ಒಂದೇ ಅಂತರದಲ್ಲಿಡಿ. ಇಲ್ಲದಿದ್ದರೆ ಎರಡೇ ದೊಡ್ಡ ಮಾಂಜಿಯ ಸಾಲು ಐದು ನಂಗ್‌ನ ಸಾಲಿನಷ್ಟು ಉದ್ದ ಕಂಡು ಮಗು ಮೋಸ ಹೋಗುತ್ತದೆ. ಇನ್ನೊಂದು ದಿನ ಸೊಳ್ಳೆಪರದೆಯ ಬದಲು ಈರುಳ್ಳಿಯ ಬಲೆಚೀಲ ಕತ್ತರಿಸಿ ಜೋಡಿಸಿ, ಹುರುಳಿ-ಕಡಲೆ-ಗೋಲಿ ಬೆರೆಸಿ ಎತ್ತಿಸಿ. ಯಾವುದು ತಪ್ಪಿಸಿಕೊಂಡಿತು, ಸಣ್ಣ ಮೀನು ತಪ್ಪಿಸಿಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ 5 ವರ್ಷದವರಿಂದಲೂ ಚೆನ್ನಾಗಿಯೇ ಬರುತ್ತದೆ.

ಕಾಗದದ ಮೀನಿಗೆ ಪಿನ್ನು ಸಿಕ್ಕಿಸಿ ಆಯಸ್ಕಾಂತದ ಗಾಳ ಹಾಕುವ ಆಟ ಎಲ್ಲ ಕಡೆ ಇದೆ. ಮಾಡುವುದಾದರೆ ಹಳೆಯ ಸ್ಪೀಕರಿನ ದೊಡ್ಡ ಬಳೆಯಂಥ ಆಯಸ್ಕಾಂತ ಬಳಸಿ. ಗುಂಡಿಯಷ್ಟು ಸಣ್ಣ, ಬಲವಾದ ಆಯಸ್ಕಾಂತ ಎರಡು ನುಂಗಿದರೆ ಅವು ಕರುಳಿನ ಎರಡು ಬದಿಯಿಂದ ಒಂದನ್ನೊಂದು ಎಳೆದು ತೂತು ಮಾಡುತ್ತವೆ.

ಉಪ್ಪು, ಮೊಟ್ಟೆ, ಅಲೆ

ತೇಲುವ ಮೊಟ್ಟೆ ಎಲ್ಲರಿಗೂ ಗೊತ್ತಿರುವ ಪ್ರಯೋಗ, ಅಳತೆ ತಪ್ಪಿಸಿ ಕೆಡಿಸುವುದೇ ಹೆಚ್ಚು. 250 ಮಿ.ಲೀ. ನೀರಿರುವ ಗಾಜಿನ ಲೋಟಕ್ಕೆ ತಾಜಾ ಮೊಟ್ಟೆ ಹಾಕಿ, ಮುಳುಗಿತು. ಮೊಟ್ಟೆ ತೆಗೆದು ಒಂದು ಟೀ ಚಮಚ ಪುಡಿ ಉಪ್ಪು ಕದಡಿ, ಮತ್ತೆ ಹಾಕಿ ನೋಡಿ. ಹೀಗೆ ಒಂದೊಂದೇ ಚಮಚ, ಮಗುವೇ ಎಣಿಸಲಿ. ನಾಲ್ಕರಿಂದ ಆರು ಚಮಚದೊಳಗೆ ತೇಲುತ್ತದೆ. ಮೊದಲನೆಯ ಚಮಚಕ್ಕೇ ತೇಲಿದರೆ ಮೊಟ್ಟೆ ಹಳತು, ಒಳಗೆ ಗಾಳಿ ತುಂಬಿದೆ. ಕಲ್ಲುಪ್ಪು ಹಾಕಿದರೆ ಕರಗಲು ಹೊತ್ತು ಹಿಡಿದು ಮಕ್ಕಳು ಎದ್ದು ಹೋಗುತ್ತಾರೆ. ಮೊಟ್ಟೆ ಬೇಡದಲ್ಲಿ ಸಿಪ್ಪೆ ತೆಗೆದ ಆಲೂಗಡ್ಡೆಯ ತುಂಡು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಗಾದರೆ ಕಡಲಿನಲ್ಲಿ ಮೊಟ್ಟೆ ತೇಲುತ್ತದೆಯೇ? ಇಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ ನಿಮ್ಮ ಲೋಟಕ್ಕೆ ಒಂದೂವರೆ ಚಮಚದಷ್ಟೇ.

ಆ ಒಂದೂವರೆ ಚಮಚದ ನೀರನ್ನೇ ಪಿಂಗಾಣಿ ತಟ್ಟೆಗೆ ತೆಳ್ಳಗೆ ಹೊಯ್ದು ಬಿಸಿಲಿಗಿಡಿ. ಡಿಸೆಂಬರ್‌ನಿಂದ ಮಾರ್ಚ್ ಒಳಗಾದರೆ ಒಂದೆರಡು ದಿನಕ್ಕೆ ಚೌಕ ಚೌಕ ಹರಳು ಕಾಣುತ್ತದೆ. ಸ್ಟೀಲ್ ತಟ್ಟೆ ಬೇಡ, ಕಲೆ ಬೀಳುತ್ತದೆ. ನಿಜವಾದ ಕಡಲ ನೀರಿನಿಂದ ಮಾಡಿದರೆ ಹರಳು ಯಾವಾಗಲೂ ಸ್ವಲ್ಪ ಒದ್ದೆಯಾಗಿಯೇ ಇರುತ್ತದೆ, ಅದರಲ್ಲಿರುವ ಮೆಗ್ನೀಸಿಯಂ ಲವಣ ಗಾಳಿಯ ಪಸೆ ಹೀರುತ್ತದೆ. ಅಡುಗೆಮನೆಯ ಕಲ್ಲುಪ್ಪಿನ ಭರಣಿ ಆಷಾಢದಲ್ಲಿ ನೀರೊಡೆಯುವುದೂ ಇದರಿಂದಲೇ. ಇದೇ ಕಾರಣಕ್ಕೆ ಮೈದಾ-ಉಪ್ಪಿನ ಹಿಟ್ಟಿನಿಂದ ಮೀನು, ಏಡಿ ಮಾಡಿ ಒಣಗಿಸುವ ಕೆಲಸವನ್ನು (ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು) ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಮೂರು ದಿನಕ್ಕೆ ಏಡಿ ಬೆವರುತ್ತದೆ, ವಾರಕ್ಕೆ ಕಾಲು ಉದುರುತ್ತದೆ. ಆ ಹಿಟ್ಟು ತಿನ್ನಲು ಬಿಡಬೇಡಿ, ಅಷ್ಟು ಉಪ್ಪು ಪುಟ್ಟ ಮೈಗೆ ವಿಷವೇ.

ಅಲೆಯ ಬಾಟಲಿ ಸುಲಭ: ಅರ್ಧ ಲೀಟರಿನ ಪಾರದರ್ಶಕ ಬಾಟಲಿಗೆ ಅರ್ಧ ನೀರು, ಎರಡು ಹನಿ ನೀಲಿ ಬಣ್ಣ, ಉಳಿದರ್ಧ ಸೂರ್ಯಕಾಂತಿ ಎಣ್ಣೆ, ಕಂಠದವರೆಗೆ. ಗಾಳಿ ಉಳಿದರೆ ಅಲೆಯ ಬದಲು ಗುಳ್ಳೆ ಬರುತ್ತದೆ. ಮುಚ್ಚಳವನ್ನು ಎಂ-ಸೀಲ್ ಹಾಕಿ ಬಂದ್ ಮಾಡಿ, ಅಡ್ಡ ಹಿಡಿದು ತೂಗಿಸಿ. ಎಲ್ಲ ಸೇರಿ ಹಾಲಿನಂತಾದರೆ ಬಾಟಲಿಯಲ್ಲಿ ಸೋಪು ಉಳಿದಿತ್ತು ಎಂದರ್ಥ; ಸೋಪು ಎಣ್ಣೆಯನ್ನೂ ನೀರನ್ನೂ ಬೆರೆಸಿಬಿಡುತ್ತದೆ. ತೆಂಗಿನೆಣ್ಣೆ ಅಗ್ಗವಲ್ಲ, ಮೇಲಾಗಿ ಡಿಸೆಂಬರ್‌ನ ಚಳಿ ಬೆಳಿಗ್ಗೆ ಹೆಪ್ಪುಗಟ್ಟಿ ಕಡಲೇ ನಿಂತುಬಿಡುತ್ತದೆ. ಅದೂ ಒಂದು ಪಾಠ ಎನ್ನುವವರು ಹಾಕಬಹುದು.

ಗೆರಟೆಯ ದೋಣಿಗೆ ತಳ ದುಂಡು, ಹಾಗೇ ಬಿಟ್ಟರೆ ಮಗುಚುತ್ತದೆ. ಒಳಗೆ ತಳಕ್ಕೆ ನಿಂಬೆಗಾತ್ರದ ಜೇಡಿಮಣ್ಣು ಒತ್ತಿದರೆ ನೆಟ್ಟಗೆ ನಿಲ್ಲುತ್ತದೆ. ಪಕ್ಕದಲ್ಲಿ ಅಡಿಕೆ ಹಾಳೆಯ ತುಂಡನ್ನೂ ಬಿಡಿ. ಹುಣಸೆಬೀಜ ಒಂದೊಂದೇ ಹೇರುತ್ತ ಯಾವುದು ಎಷ್ಟು ಹೊರುತ್ತದೆ ಎಂದು ಎಣಿಸಲಿ.

ಅಚ್ಚು ಹಾಕುವವರಿಗೆ ಬಲಿತ ಬೆಂಡೆಕಾಯಿ. ಅಡ್ಡ ಕೊಯ್ದರೆ ಸಾಮಾನ್ಯವಾಗಿ ಐದು ಮೂಲೆಯ ನಕ್ಷತ್ರ. ಕಡಲ ನಕ್ಷತ್ರಮೀನಿಗೂ ಹೆಚ್ಚಾಗಿ ಐದೇ ತೋಳು. ಕೊಯ್ದು ಹತ್ತು ನಿಮಿಷ ಬಿಟ್ಟು ಲೋಳೆ ಒರೆಸದಿದ್ದರೆ ಬಣ್ಣ ಜಾರುತ್ತದೆ.

ಕರೆಂಟ್ ಹೋದ ಮಳೆ ಮಧ್ಯಾಹ್ನಕ್ಕೆ ದೀಪಸ್ತಂಭ. ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗಿನ ಲಯ ಇರುತ್ತದೆ, ದೋಣಿಯವರು ಅದನ್ನು ನೋಡಿಯೇ ಊರು ಗುರುತಿಸುವುದು. 1901ರಿಂದ ಉರಿಯುತ್ತಿರುವ ಕಾಪುವಿನ ದೀಪ ಹೆಚ್ಚಿನ ಮಕ್ಕಳು ನೋಡಿದ್ದೇ. ಟಾರ್ಚಿನಿಂದ ಗೋಡೆಗೆ ‘ಎರಡು ಮಿಣುಕು, ಕತ್ತಲೆ’ ಎಂದರೆ ಒಂದೂರು, ‘ಮೂರು ಮಿಣುಕು, ಕತ್ತಲೆ’ ಇನ್ನೊಂದೂರು ಎಂದು ಹೆಸರಿಡಿ. ನೋಡಿ ಚಪ್ಪಾಳೆಯಲ್ಲಿ ಹೊಡೆಯಲಿ. ಟಾರ್ಚ್ ಕಣ್ಣಿಗೆ ಬೇಡ.

ದಂಡೆಗೆ ಹೋಗುವ ದಿನ

ಪುಟ್ಟವರಿಗೆ ಇಳಿಜಾರು ಕಡಿಮೆ ಇರುವ, ಜೀವರಕ್ಷಕರು ಇರುವ ಜಾಗ ಆರಿಸಿ. ಪಣಂಬೂರು, ತಣ್ಣೀರುಬಾವಿ, ಮಲ್ಪೆ ಆದೀತು. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಪಡುಬಿದ್ರಿಯಲ್ಲಿ ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದು ದೊಡ್ಡ ಅನುಕೂಲ. ಬಂಡೆಗಳಿರುವ ಸೋಮೇಶ್ವರ, ಹೆದ್ದಾರಿಗೆ ಅಂಟಿಕೊಂಡ ಮರವಂತೆ ನೋಡಲು ಚಂದ, ಈ ವಯಸ್ಸಿನವರ ಗುಂಪಿಗೆ ಅಲ್ಲ.

ಹೊತ್ತು ಬೆಳಿಗ್ಗೆ 7ರಿಂದ 9, ಮತ್ತು ಇಳಿತದ ಸಮಯ. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಈ ಶನಿವಾರ 7ಕ್ಕೆ ಇಳಿತ ನೋಡಿ ಬಂದು ಮುಂದಿನ ಶನಿವಾರ ಅದೇ ಹೊತ್ತಿಗೆ ಮಕ್ಕಳನ್ನು ಕರೆತಂದರೆ ಉಬ್ಬರ ಎದುರಾಗುತ್ತದೆ. ಎರಡು ವಾರ ಬಿಟ್ಟರೆ ಹೆಚ್ಚುಕಡಿಮೆ ಅದೇ ಹೊತ್ತು ಮರಳಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಕೆಳಗಿಳಿಯುತ್ತದೆ, ನೋಡಲು ಹೆಚ್ಚು ಸಿಗುತ್ತದೆ, ಆದರೆ ಅಷ್ಟೇ ಜೋರಾಗಿ ಮೇಲೂ ಬರುತ್ತದೆ.

ಎರಡು ಮಕ್ಕಳಿಗೆ ಒಬ್ಬರು ದೊಡ್ಡವರು, ಮತ್ತು ಅವರ ಕೈಯಲ್ಲಿ ಫೋನ್ ಇರಬಾರದು. ಮಕ್ಕಳಿಗೆ ಕಿತ್ತಳೆ ಅಥವಾ ಎದ್ದು ಕಾಣುವ ಹಳದಿ ಅಂಗಿ. ನೀಲಿ, ಬಿಳಿ ನೀರಿನಲ್ಲಿ ಕಾಣುವುದಿಲ್ಲ. ಒದ್ದೆ ಹೊಯಿಗೆಯ ಮೇಲೆ ಹಗ್ಗವೊಂದನ್ನು ಉದ್ದಕ್ಕೆ ಹಾಸಿ ‘ಇದರಾಚೆ ಇಲ್ಲ’ ಎಂದುಬಿಡಿ, ನೀರಿನಾಟ ಪಾದ ಮುಳುಗುವಷ್ಟೇ. ಗುಂಡಿ ತೋಡುವುದು ಮಗುವಿನ ಮೊಣಕಾಲಿನಷ್ಟು ಆಳಕ್ಕೆ ಮಾತ್ರ. ಬದಿ ಕುಸಿದರೆ ಹೊಯಿಗೆಯ ಭಾರ ಎದೆಯ ಮೇಲೆ ಕೂರುತ್ತದೆ, ಎಳೆದು ತೆಗೆಯುವುದು ಕಷ್ಟ. ಹೊರಡುವಾಗ ಮುಚ್ಚಿ.

ಅಲ್ಲಿ ಮಾಡಿಸಬೇಕಾದದ್ದು ಒಂದೇ, ಏಡಿ ಕಾಯುವುದು. ಒಣ ಹೊಯಿಗೆಯಲ್ಲಿ ಎರಡು ಬೆರಳಗಲದ ಬಿಲ ಹುಡುಕಿ. ಹೊಸ ಬಿಲದ ಬಾಯಲ್ಲಿ ಒದ್ದೆ ಹೊಯಿಗೆ ಚೆಲ್ಲಿರುತ್ತದೆ, ಕಾಲಿನ ಚುಕ್ಕಿ ಗುರುತು ಇರುತ್ತದೆ. ಮೂರು ಮೀಟರ್ ದೂರ ಕೂತು ಐದು ನಿಮಿಷ ಅಲುಗಾಡದೆ ಇರಬೇಕು. ಮೊದಲು ಕಡ್ಡಿಯ ತುದಿಯಂತೆ ಎರಡು ಕಣ್ಣು, ಆಮೇಲೆ ಇಡೀ ಏಡಿ, ಅಡ್ಡಡ್ಡ ಓಟ. ಐದು ನಿಮಿಷ ಇಪ್ಪತ್ತು ಮಕ್ಕಳು ಸುಮ್ಮನಿರುವುದು ಆಗದ ಮಾತು. ನಾಲ್ವರಂತೆ ಬೇರೆ ಬೇರೆ ಬಿಲಕ್ಕೆ ಹಂಚಿ. ಇಳಿತದಲ್ಲಿ ಇನ್ನೂ ಕೆಳಗೆ ಹೋದರೆ ಕಿರು ಏಡಿಗಳು ಬಿಲದ ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡ ಹೊಯಿಗೆಯ ಉಂಡೆಗಳನ್ನು ರಂಗೋಲಿ ಇಟ್ಟಂತೆ ಉರುಳಿಸಿರುತ್ತವೆ. ಹೊಯಿಗೆಯಲ್ಲಿನ ಆಹಾರ ಹೀರಿ ಉಳಿದದ್ದನ್ನು ಉಂಡೆ ಮಾಡಿ ಎಸೆದದ್ದು.

ಮುಟ್ಟಬಾರದ್ದನ್ನು ಬಸ್ಸಿಳಿಯುವ ಮೊದಲೇ ಹೇಳಿ. ದಂಡೆಗೆ ಬಿದ್ದ ಜೆಲ್ಲಿಮೀನು ಸತ್ತಿದ್ದರೂ ಚುಚ್ಚುತ್ತದೆ. ತಾಗಿದರೆ ಉಜ್ಜದೆ, ಅಂಟಿದ ಎಳೆಯನ್ನು ಕಾರ್ಡಿನ ಅಂಚಿನಿಂದ ಎತ್ತಿ, ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಉರಿ ಹೆಚ್ಚಿಸಬಹುದು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮೈಯೆಲ್ಲ ಬಾತರೆ ತಕ್ಷಣ ಆಸ್ಪತ್ರೆ. ಕೈರಂಪಣಿ ಎಳೆದ ಜಾಗದಲ್ಲಿ ಬಲೆಯಿಂದ ಕೊಡವಿದ ಕಡಲಹಾವು ಇರಬಹುದು, ಕೆಲವು ಬಹಳ ವಿಷಕಾರಿ. ಐಸ್‌ಕ್ರೀಂ ಕೋನಿನ ಆಕಾರದ, ಚಿತ್ತಾರದ ಜೀವಂತ ಶಂಖವನ್ನೂ ಹಿಡಿಯಬಾರದು, ಅದಕ್ಕೆ ವಿಷದ ಮುಳ್ಳಿದೆ. ಹವಳ, ಕಡಲಕುದುರೆ ಮತ್ತು ಕೆಲವು ಬಗೆಯ ದೊಡ್ಡ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬರುತ್ತವೆ, ಸಿಕ್ಕಿದರೂ ಮನೆಗೆ ತರುವಂತಿಲ್ಲ.

ಚಿಪ್ಪು ಹೆಕ್ಕಲು ಮಗುವಿಗೊಂದು ಸಣ್ಣ ಲೋಟ ಕೊಡಿ, ಚೀಲ ಕೊಡಬೇಡಿ. ಲೋಟ ತುಂಬಿದ ಮೇಲೆ ಹೊಸದು ಬೇಕೆಂದರೆ ಒಂದನ್ನು ಬಿಡಬೇಕು. ಆರಿಸುವುದು ಶುರುವಾಗುವುದು ಆಗಲೇ. ಕಾಲಿಗೆ ಅಂಟಿದ ಹೊಯಿಗೆಯನ್ನು ನೀರಿನಿಂದ ತೊಳೆಯಲು ಹೋದರೆ ಬಸ್ಸಿನವರೆಗೆ ನಡೆಯುವಾಗ ಮತ್ತೆ ಅಂಟುತ್ತದೆ. ಒಣಗಲು ಬಿಟ್ಟು ಟಾಲ್ಕಂ ಪೌಡರ್ ಸವರಿ ಒಣ ಬಟ್ಟೆಯಿಂದ ಕೊಡವಿದರೆ ಎಲ್ಲ ಉದುರುತ್ತದೆ.

ಹೊರಡುವ ಕಾಲು ಗಂಟೆ ಮೊದಲು ಎಲ್ಲ ಲೋಟಗಳ ಸುರುಳಿ ಶಂಖಗಳನ್ನು ಒದ್ದೆ ಹೊಯಿಗೆಯ ಮೇಲೆ ಸಾಲಾಗಿ ಇಟ್ಟು ಹತ್ತು ನಿಮಿಷ ಕಾಯಿರಿ. ಒಂದೆರಡು ಎದ್ದು ನಡೆಯತೊಡಗುತ್ತವೆ, ಒಳಗೆ ಸನ್ಯಾಸಿ ಏಡಿ ಇರುತ್ತದೆ. ಅವನ್ನು ಅಲ್ಲೇ ಬಿಟ್ಟು, ಆಮೇಲೆ ಒಬ್ಬೊಬ್ಬರ ಜೇಬನ್ನೂ ತಿರುವಿ ನೋಡಿ.